ಖಾಲಿ ಸೂಟ್‌ಕೇಸು ಮತ್ತು ಅಪ್ಪನ ಕೆರೆ

"ಈ ಸಲ ರಜೆಗೆ ಎಲ್ಲಿಗೆ?" ಅಂತ ಆಫೀಸಿನಲ್ಲಿ ಕೇಳಿದರು.

"ನಾಯಕನಹಟ್ಟಿಗೆ" ಅಂದೆ.

"ಅದೆಲ್ಲಿ ಬರುತ್ತೆ?"

"ಚಳ್ಳಕೆರೆ ಹತ್ತಿರ. ಕೆರೆ ಪಕ್ಕದ ಊರು."

"ಏಪ್ರಿಲ್‌ನಲ್ಲಿ ಚಳ್ಳಕೆರೆಗಾ!?" ಅಂತ ನನ್ನನ್ನು ಕನಿಕರದಿಂದ ನೋಡಿದರು. ಅವರೆಲ್ಲ ಮಡಿಕೇರಿ, ಊಟಿ ಅಂತ ಹೊರಟಿದ್ದವರು. ಅವರಿಗೆ ನಾನು ಏನಂತ ಹೇಳಲಿ... ನನ್ನ ತವರು ಇರೋದು ಅಲ್ಲಿ. ಅಪ್ಪ ಇರೋದು ಅಲ್ಲಿ. ಅಮ್ಮ ಹೋಗಿ ಮೂರು ವರ್ಷ ಆಯ್ತು, ಅಷ್ಟು ದೊಡ್ಡ ಮಾಳಿಗೆ ಮನೆಯಲ್ಲಿ ಅಪ್ಪ ಒಬ್ಬರೇ.

ನಿಜ ಹೇಳಬೇಕು ಅಂದರೆ ಈ ಸಲ ನಾವು ಹೊರಟಿದ್ದು ಬರೀ ರಜೆಗಲ್ಲ. ಪುಣೆಯಲ್ಲಿರುವ ಅಣ್ಣನೂ ನಾನೂ ಫೋನಿನಲ್ಲಿ ಮಾತಾಡಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದೆವು. ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಬರೋದು. ಮನೆ ವಿಷಯ ಆಮೇಲೆ ನೋಡೋದು. ಅಪ್ಪನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ನೀನು ಹೇಳಿದರೆ ಕೇಳ್ತಾರೆ" ಅಂತ ಅಣ್ಣ ಸುಲಭವಾಗಿ ಕೈ ತೊಳೆದುಕೊಂಡ. ಹೆಣ್ಣುಮಕ್ಕಳಿಗೆ ಹೀಗೇ ತಾನೆ ಹೇಳೋದು?

ಹಾಗಾಗಿ ಮೂರು ಸೂಟ್‌ಕೇಸ್ ತಗೊಂಡು ಹೊರಟೆವು. ಒಂದು ನಮ್ಮದು, ಒಂದು ಮಕ್ಕಳದು, ಇನ್ನೊಂದು ಖಾಲಿ. ಬರುವಾಗ ಅಪ್ಪನ ಬಟ್ಟೆಗೆ ಅಂತ.

* * *

ತುಮಕೂರು, ಶಿರಾ ದಾಟಿ ಹಿರಿಯೂರಿಗೆ ಬಂದಾಗ ಇವರು "ಮಾರಿಕಣಿವೆ ನೋಡ್ಕೊಂಡು ಹೋಗೋಣ" ಅಂದರು. ನನಗೂ ಅಷ್ಟೇ ಬೇಕಿತ್ತು. ಊರು ಸೇರುವುದು ಎಷ್ಟು ತಡವಾದರೂ ಒಳ್ಳೆಯದೇ ಅನ್ನಿಸುತ್ತಿತ್ತು.

ವಾಣಿವಿಲಾಸ ಸಾಗರ ಅನ್ನೋದು ಪುಸ್ತಕದ ಹೆಸರು, ನಮಗೆಲ್ಲ ಅದು ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದಿದ್ದು. ನೂರಮೂವತ್ತು ಅಡಿ ತುಂಬಿದರೆ ಕೋಡಿ ಬೀಳುತ್ತೆ. ಬಿದ್ದಿದ್ದು 1933ರಲ್ಲಿ. ಆಮೇಲೆ ಕಾದಿದ್ದೇ ಕಾದಿದ್ದು. ಅಪ್ಪ ಹುಟ್ಟಿ, ಓದಿ, ಮದುವೆಯಾಗಿ, ನಾವು ಹುಟ್ಟಿ, ಅಪ್ಪ ನಿವೃತ್ತರೂ ಆದರು, ಕೋಡಿ ಬೀಳಲೇ ಇಲ್ಲ. ಎಂಬತ್ತೊಂಬತ್ತು ವರ್ಷ ಆದಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಬಿತ್ತು! ಮತ್ತೆ 2025ರ ಜನವರಿಯಲ್ಲೂ ಬಿತ್ತು. 2022ರಲ್ಲಿ ಅಪ್ಪ ಬಸ್ ಹತ್ತಿ ಒಬ್ಬರೇ ಹೋಗಿ ನೋಡಿ ಬಂದಿದ್ದರು. ಫೋನ್ ಮಾಡಿ "ನಮ್ಮಪ್ಪ ನೋಡಿದ್ದ ಕಣವ್ವ ಇದನ್ನ. ನಾನೂ ನೋಡಿದೆ" ಅಂತ ಅಷ್ಟೇ ಹೇಳಿದ್ದರು. ಗಂಟಲು ಕಟ್ಟಿದ ಹಾಗಿತ್ತು.

ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಮಗಳು "ಅಂದ್ರೆ ನೀರು ಬರೋದನ್ನ ನೋಡೋಕೆ ಜನ ಬಸ್‌ನಲ್ಲಿ ಹೋಗ್ತಾರಾ?" ಅಂದಳು. ಹೌದು ಪುಟ್ಟಿ, ನಮ್ಮ ಕಡೆ ಹೋಗ್ತಾರೆ.

ನಮ್ಮ ಸೀಮೆಯದ್ದೊಂದು ತಮಾಷೆ ನೋಡಿ. ವರ್ಷಕ್ಕೆ ಬೀಳೋ ಮಳೆ ಐನೂರು ಮಿಲಿಮೀಟರ್ ಆಸುಪಾಸು, ಮಲೆನಾಡಿನವರಿಗೆ ಅದು ಒಂದು ವಾರದ ಮಳೆ. ಆದರೆ ಹೆಸರು ನೋಡಿದರೆ ಚಳ್ಳಕೆರೆ, ಬೆಳಗೆರೆ, ರಾಣಿಕೆರೆ... ಎಲ್ಲ ಕೆರೆಗಳೇ! ಇಲ್ಲದ್ದನ್ನೇ ಅಲ್ಲವೇ ನಾವು ಬಾಯ್ತುಂಬ ಕರೆಯೋದು?

* * *

ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಬಂದ್ಯೇನವ್ವ, ಬಾ. ಅಳಿಯಂದಿರು ಸಣ್ಣಗಾಗಿಬುಟ್ಟವರಲ್ಲ" ಅಂದರು. (ಇವರ ಹೊಟ್ಟೆ ನೋಡಿದವರು ಯಾರೂ ಈ ಮಾತು ಹೇಳಲ್ಲ.) ಮೂರು ಸೂಟ್‌ಕೇಸನ್ನೂ ತಾವೇ ಒಳಗೆ ಎತ್ತಿಡಲು ಹೋದರು. ಮೂರನೆಯದನ್ನು ಎತ್ತಿದವರು ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ನಾನೂ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಟ್ಟೆ.

ಆಮೇಲಿನ ದಿನಗಳನ್ನು ಏನಂತ ಬರೆಯಲಿ? ಏನೂ ಮಾಡಲಿಲ್ಲ, ಅದೇ ದೊಡ್ಡ ಸುಖ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಧ್ಯಾಹ್ನ ಮುದ್ದೆ, ಹುಳಿ, ಶೇಂಗಾ ಚಟ್ನಿ. ಹನ್ನೊಂದಕ್ಕೆಲ್ಲ ಬಿಸಿಲು ಬೀದಿಯನ್ನು ಖಾಲಿ ಮಾಡಿಬಿಡುತ್ತೆ. ಆಗ ಮಣ್ಣಿನ ಮಾಳಿಗೆಯ ಕೆಳಗೆ ನಡುಮನೆಯಲ್ಲಿ ಬರೀ ನೆಲದ ಮೇಲೆ ಮಲಗಬೇಕು, ಆ ತಂಪು ಯಾವ ಎ.ಸಿ.ಯಲ್ಲೂ ಇಲ್ಲ. ರಾತ್ರಿ ಮಾಳಿಗೆ ಮೇಲೆ ಚಾಪೆ, ಅದರ ಮೇಲೆ ಚಳ್ಳಕೆರೆ ಕಂಬಳಿ. ಮೊದಲ ದಿನ "ಚುಚ್ಚುತ್ತೆ" ಅಂತ ಅತ್ತ ಮಗಳು ಮೂರನೇ ದಿನಕ್ಕೆ ತಾತನ ಕಂಬಳಿಯೊಳಗೇ ಸೇರಿಕೊಂಡಿದ್ದಳು. ಕುಡಿಯುವ ನೀರು ತರೋದು ಮಗನ ಕೆಲಸ. ಶುದ್ಧ ನೀರಿನ ಘಟಕಕ್ಕೆ ತಾತನ ಜೊತೆ ಕ್ಯಾನು ಹಿಡಿದು ಹೋಗಿ ನಾಣ್ಯ ಹಾಕಿ ನೀರು ಬರೋದನ್ನ ನೋಡೋದು ಅವನಿಗೆ ಮಾಲ್‌ಗಿಂತ ಮಜಾ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತೆ, ಅದಕ್ಕೇ ಈ ಘಟಕಗಳು ಅಂತ ಅಪ್ಪ ಅವನಿಗೆ ಪಾಠ ಮಾಡಿದ್ದರು.

ಮಗನಿಗೆ ರಾಕೆಟ್ ಹುಚ್ಚು. ಊರಿನ ಹತ್ತಿರದ ಕುದಾಪುರದ ಕಾವಲಿನಲ್ಲಿ ಈಗ ಡಿ.ಆರ್.ಡಿ.ಒ.ದವರ ವಿಮಾನ ಪರೀಕ್ಷಾ ಕೇಂದ್ರವಿದೆ. ಇಸ್ರೋದವರು 2023ರ ಏಪ್ರಿಲ್‌ನಲ್ಲಿ ಮೊದಲ ಸಲ, ಆಮೇಲೆ 2024ರಲ್ಲಿ ಎರಡು ಸಲ, ರೆಕ್ಕೆಯಿರುವ ಮರುಬಳಕೆಯ ನೌಕೆಯನ್ನು ಹೆಲಿಕಾಪ್ಟರ್‌ನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟು, ತಾನೇ ತಾನಾಗಿ ಅಲ್ಲಿ ಇಳಿಯುವ ಹಾಗೆ ಮಾಡಿದರು. ಇದನ್ನೆಲ್ಲ ಉಸಿರು ಬಿಡದೆ ಹೇಳಿದ ಮಗ "ತಾತ, ನಿಮ್ಮೂರಲ್ಲಿ ಸ್ಪೇಸ್‌ಶಿಪ್ ಇಳಿಯುತ್ತೆ, ಗೊತ್ತಾ?" ಅಂದ.

"ಗೊತ್ತಪ್ಪ. ಆ ಕಾವಲಲ್ಲೇ ನಾನು ದನ ಮೇಯಿಸಿದ್ದು" ಅಂದರು ಅಪ್ಪ.

ಮಗ ತಾತನನ್ನು ಗಗನಯಾತ್ರಿಯನ್ನು ನೋಡುವ ಹಾಗೆ ನೋಡಿದ. ಅಮೃತಮಹಲ್ ದನಗಳ ಹುಲ್ಲುಗಾವಲು ಅದು. ಈಗ ಉದ್ದಕ್ಕೂ ಕಾಂಪೌಂಡ್. "ಒಳ್ಳೇದೇ ಬುಡು, ದೇಶಕ್ಕೆ ಬೇಕು" ಅಂತಾರೆ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು "ಕುರಿಯೋರು ಮಾತ್ರ ಸುತ್ತು ಹಾಕ್ಕಂಡು ಹೋಗಬೇಕು" ಅಂತಲೂ ಅಂತಾರೆ.

* * *

ಒಂದು ದಿನ ಅಪ್ಪನೇ "ಮೊಳಕಾಲ್ಮೂರಿಗೆ ಹೋಗಾನ" ಅಂದರು. ದಾರಿಯಲ್ಲಿ ತಳುಕು ಬಂದಾಗ ಕಾರು ನಿಧಾನ ಮಾಡಿಸಿ, ತ.ರಾ.ಸು. ಊರು ಇದು, ಟಿ.ಎಸ್. ವೆಂಕಣ್ಣಯ್ಯನವರ ಊರೂ ಇದೇ ಅಂತ ಮಕ್ಕಳಿಗೆ ತೋರಿಸಿದರು. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಆಗೆಲ್ಲ ಚಳ್ಳಕೆರೆ ಅಂದರೆ ಎಣ್ಣೆ ನಗರ, ಮುಂಬೈ ಬಿಟ್ಟರೆ ನಮ್ಮದೇ ಅಂತ ಹೆಮ್ಮೆ. ಸಂಜೆ ಅಪ್ಪ ಮನೆಗೆ ಬಂದರೆ ಅಂಗಿಯಿಂದ ಶೇಂಗಾ ಹಿಂಡಿ ವಾಸನೆ. ಆ ಮಿಲ್ಲಿನ ಲೆಕ್ಕದ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಒಂದು ಕಾದಂಬರಿ ಇರುತ್ತಿತ್ತು. 'ದುರ್ಗಾಸ್ತಮಾನ' ನಾನು ಓದಿದ್ದು ಎಣ್ಣೆ ಬೆರಳಿನ ಗುರುತಿದ್ದ ಅದೇ ಪ್ರತಿಯಲ್ಲಿ.

ಮೊದಲು ಸಿದ್ದಾಪುರ, ಬ್ರಹ್ಮಗಿರಿ. ಅಶೋಕನ ಶಾಸನದ ಬಂಡೆಗೆ ಊರವರು 'ಅಕ್ಷರಗುಂಡು' ಅಂತಾರೆ. ಎಂಥಾ ಚೆಂದದ ಹೆಸರು ಅಲ್ವಾ? 1892ರಲ್ಲಿ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಪತ್ತೆಹಚ್ಚಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಒಂದೇ ತಾಲೂಕಿನಲ್ಲಿ ಮೂರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯಲ್ಲಿ ಅಗೆದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅಕ್ಷರ. ಏನು ಬರೆದಿದೆ ಅಂತ ಮಗ ಕೇಳಿದ. ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಗುರುಗಳಿಗೆ ಗೌರವ ಕೊಡಬೇಕು ಅಂತ ಇವರು ಹೇಳಿದರು. "ನೋಡು, ಚಕ್ರವರ್ತಿ ನಿನಗೋಸ್ಕರವೇ ಬರೆಸಿದ್ದಾನೆ" ಅಂತ ನಾನು ಸೇರಿಸಿದೆ. ಅವನು "ನಿಮಗೂ ಬರೆಸಿದ್ದಾನೆ, ನಿಮಗೂ ಅಪ್ಪ ಇದಾರಲ್ಲ" ಅಂದುಬಿಟ್ಟ. ಅಪ್ಪ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಈ ಶಾಸನ ಬರೆದವನ ಹೆಸರೂ ಅಲ್ಲೇ ಇದೆ. ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ 'ಲಿಪಿಕಾರ' ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಅಂದರೆ ಈಗಿನ ಪೇಶಾವರ, ತಕ್ಷಶಿಲೆ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ಅಂದರೆ ಅವನು ಅಲ್ಲೆಲ್ಲೋ ಉತ್ತರದವನಿರಬೇಕು, ಅಲ್ಲೇ ಕಲಿತವನಾದರೂ ಇರಬೇಕು ಅಂತ ತಿಳಿದವರು ಹೇಳುತ್ತಾರೆ. ಅಪ್ಪ ಇದನ್ನು ಕೇಳಿ ಬಹಳ ಹೊತ್ತು ಬಂಡೆ ನೋಡುತ್ತಾ ನಿಂತರು. ಆಮೇಲೆ ಅಂದರು:

"ಪಾಪ, ಅವನು ವಾಪಸ್ ಊರಿಗೆ ಹೋದನೋ ಇಲ್ಲವೋ."

ನನಗೆ ಆವತ್ತು ಹೇಳಬೇಕಿದ್ದ ಮಾತು ಮತ್ತೆ ಹೊಟ್ಟೆಯೊಳಗೆ ಹೋಯಿತು.

ಮೊಳಕಾಲ್ಮೂರಿಗೆ ಹೋದಮೇಲೆ ಗೊತ್ತಾಯ್ತು ಅಪ್ಪ ಕರೆದುಕೊಂಡು ಬಂದಿದ್ದು ಯಾಕೆ ಅಂತ. ನೇರವಾಗಿ ಒಬ್ಬ ನೇಕಾರರ ಮನೆಗೆ ನಡೆದರು. ಒಳಗೆ ಮಗ್ಗದ ಸದ್ದು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದವರು ಅಪ್ಪನನ್ನು ನೋಡಿ ಎದ್ದು ಬಂದರು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಪ್ಪಟ ರೇಷ್ಮೆ, ಮೈಗೊಂದು ಬಣ್ಣ, ಅಂಚು ಸೆರಗಿಗೆ ಇನ್ನೊಂದು. ಒಂದು ಸೀರೆಗೆ ವಾರಗಟ್ಟಲೆ ಕೂರಬೇಕು. ಅವರ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡ್ತಾನಂತೆ. "ಅಲ್ಲಿ ದಿನಾ ದುಡ್ಡು ಬರ್ತೈತಲ್ಲಮ್ಮ, ನಾನ್ಯಾವ ಬಾಯಲ್ಲಿ ಬ್ಯಾಡ ಅನ್ಲಿ" ಅಂದರು.

ಅವರ ಹೆಂಡತಿ ಒಳಗಿನಿಂದ ಒಂದು ಸೀರೆ ತಂದು ಬಿಚ್ಚಿದರು. ಗಿಣಿಹಸಿರು ಮೈ, ಕುಂಕುಮದ ಬಣ್ಣದ ಅಗಲ ಅಂಚು. ಅಪ್ಪ ಮೊದಲೇ ಹೇಳಿ ನೇಯಿಸಿದ್ದರು. "ನಿಮ್ಮವ್ವ ಕೊಡಿಸಬೇಕು ಅಂತಿದ್ದಳು ನಿಂಗೆ. ಅಷ್ಟರಲ್ಲಿ ಹಿಂಗಾತು" ಅಂದರು. ಅಷ್ಟೇ. ನಾನು ಸೀರೆಯ ಮಡಿಕೆ ಸರಿ ಮಾಡುವ ಹಾಗೆ ತಲೆ ತಗ್ಗಿಸಿ ನಿಂತೆ.

* * *

ಕೊನೆಯ ಸಂಜೆ ಬಂತು. ಇವರು "ಇವತ್ತಾದರೂ ಹೇಳು ಮಾರಾಯ್ತಿ" ಅಂದರು.

ಅಪ್ಪ ದಿನಾ ಸಂಜೆ ಕೆರೆ ಏರಿಗೆ ಹೋಗುತ್ತಾರೆ. ಹೊರಮಠದ ಕಡೆ, ಚಿಕ್ಕಕೆರೆಗೆ. ಅಮ್ಮ ಇದ್ದಾಗ ಇಬ್ಬರೂ ಹೋಗುತ್ತಿದ್ದರು. ಆವತ್ತು ನಾನೊಬ್ಬಳೇ ಅಪ್ಪನ ಜೊತೆ ಹೋದೆ. ಕೆರೆಯಲ್ಲಿ ಅರ್ಧ ನೀರಿತ್ತು. ಕೊಕ್ಕರೆಗಳು ನಿಂತಿದ್ದವು. ಗಾಳಿ ನೀರಿನ ಮೇಲಿಂದ ಬರುತ್ತಿತ್ತು, ಹಗಲೆಲ್ಲ ಕಾದ ಮುಖಕ್ಕೆ ಎಷ್ಟು ಹಿತ! ಅಪ್ಪ ಏರಿಯ ಕಲ್ಲುಕಟ್ಟಣೆಯನ್ನು ಬೆರಳಲ್ಲಿ ಎಣಿಸಿ "ಏಳು ಸಾಲು ಕಾಣ್ತೈತೆ. ನೀವು ಬಂದ ದಿನ ಆರು ಕಾಣ್ತಿತ್ತು" ಅಂದರು. ಮಿಲ್ಲಿನ ಲೆಕ್ಕ ಬಿಟ್ಟ ಮೇಲೆ ಈ ಲೆಕ್ಕ ಹಿಡಿದಿದ್ದಾರೆ.

ಈ ಸುತ್ತಿನ ಕೆರೆಗಳನ್ನು ಕಟ್ಟಿಸಿದ್ದು ತಿಪ್ಪೇರುದ್ರಸ್ವಾಮಿಗಳು ಅಂತ ಪ್ರತೀತಿ. ಐದು ಕೆರೆ ಅಂತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಈ ಕತೆ ಎಷ್ಟು ಸಲ ಹೇಳಿದ್ದರೋ. ಕೆರೆ ಅಗೆದ ಕೂಲಿಯವರು ಸಂಜೆ ಒಂದೊಂದು ಮರಳಿನ ಗುಡ್ಡೆ ಮಾಡಿಕೊಳ್ಳಬೇಕು. ಯಾರು ಎಷ್ಟು ದುಡಿದಿದ್ದಾರೋ ಅಷ್ಟೇ ದುಡ್ಡು ಅವರವರ ಗುಡ್ಡೆಯೊಳಗೆ ಸಿಗುತ್ತಿತ್ತಂತೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಜಾತ್ರೆಯಲ್ಲಿ ಜನ ಕೊಬ್ಬರಿ ಸುಡುತ್ತಾ ಈಗಲೂ ನೆನೆಯುವುದು ಆ ಅಜ್ಜಯ್ಯನನ್ನೇ.

"ಅಪ್ಪಾ..." ಅಂದೆ.

"ಗೊತ್ತು ಕಣವ್ವ."

"ಏನು ಗೊತ್ತು?"

"ಖಾಲಿ ಸೂಟ್‌ಕೇಸ್ ತಂದಿದ್ಯಲ್ಲ. ಎತ್ತಿದಾಗ್ಲೇ ಗೊತ್ತಾತು."

ನನಗೆ ಅಳು ಬಂದುಬಿಟ್ಟಿತು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದೆ. ರಾತ್ರಿ ಏನಾದರೂ ಆದರೆ ಯಾರಿದ್ದಾರೆ, ಹೋದ ವರ್ಷ ಬಚ್ಚಲಲ್ಲಿ ಜಾರಿದ್ದನ್ನು ನಮಗೆ ಹೇಳಿದ್ದು ಪಕ್ಕದ ಮನೆಯವರು, ನೀವು ಹೇಳಲೇ ಇಲ್ಲ, ನಮಗೆ ಅಲ್ಲಿ ನಿದ್ದೆ ಬರಲ್ಲ, ಅಣ್ಣನೂ ಅದೇ ಹೇಳ್ತಾನೆ... ಅಪ್ಪ ಪೂರ್ತಿ ಕೇಳಿದರು. ಮಿಲ್ಲಿನಲ್ಲಿ ಯಾರದೋ ಲೆಕ್ಕ ಕೇಳಿದ ಹಾಗೆ, ನಡುವೆ ಬಾಯಿ ಹಾಕದೆ.

"ನೀ ಹೇಳೋದ್ರಲ್ಲಿ ತಪ್ಪೇನೂ ಇಲ್ಲ" ಅಂದರು. "ಆದ್ರೆ ಅಲ್ಲಿ ಸಂಜೆ ನಾನು ಏನು ಎಣಿಸಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಒಂಬತ್ತನೇ ಮಹಡಿಯ ಬಾಲ್ಕನಿಯಿಂದ ಕಾಣೋದು ಎದುರಿನ ಕಟ್ಟಡದ ಬಾಲ್ಕನಿಗಳು.

ಕತ್ತಲಾಗುತ್ತಾ ಬಂತು. ಅಪ್ಪನೇ ಮತ್ತೆ ಮಾತಾಡಿದರು. "ಒಂದು ಕೆಲ್ಸ ಮಾಡಾನ. ಕೆರೇಲಿ ನೀರಿರೋಗಂಟ ಇಲ್ಲಿರ್ತೀನಿ. ಬತ್ತಿತು ಅಂದ್ರೆ ಬತ್ತೀನಿ. ನಿನ್ನ ಮನೇಲಿ ಮಳೆಗಾಲದವರೆಗೆ ಇರ್ತೀನಿ. ಮತ್ತೆ ನೀರು ಬಂದ್ರೆ ನನ್ನ ತಂದು ಬುಡಬೇಕು. ಆತಾ?"

"ಆತು" ಅಂದೆ. ಇನ್ನೇನು ಹೇಳಲಿ. ಬಚ್ಚಲಿಗೆ ಹಿಡಿಕೆ ಹಾಕಿಸೋದು, ರಾತ್ರಿ ಪಕ್ಕದ ಮನೆ ಹುಡುಗ ಬಂದು ಮಲಗೋದು, ದಿನಾ ಬೆಳಿಗ್ಗೆ ಒಂದು ಫೋನು. ಇವಿಷ್ಟಕ್ಕೆ ಅಪ್ಪನೂ "ಆತು" ಅಂದರು. ಇಬ್ಬರೂ ವ್ಯಾಪಾರ ಮುಗಿಸಿದವರ ಹಾಗೆ ಎದ್ದೆವು.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. "ಇದೇನು ಕರಾರು? ಕೆರೆ ಮೇಲೆ ನಿರ್ಧಾರ ಮಾಡ್ತಾರಾ ಯಾರಾದರೂ?" ಅಂತ ರೇಗಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಸಾಲು ಕಾಣುತ್ತಂತೆ?" ಅಂತ ಕೇಳಿದ.

* * *

ಬರುವಾಗ ಮೂರನೇ ಸೂಟ್‌ಕೇಸ್ ಖಾಲಿ ಇರಲಿಲ್ಲ. ಅಪ್ಪ ಅದರ ತುಂಬ ಶೇಂಗಾ, ಮಂಡಕ್ಕಿ, ಚಟ್ನಿಪುಡಿ, ಮಗಳಿಗೆ ಅಂತ ಒಂದು ಸಣ್ಣ ಕಂಬಳಿ, ಎಲ್ಲದರ ಮೇಲೆ ಮೊಳಕಾಲ್ಮೂರು ಸೀರೆ ಇಟ್ಟು ಕಳಿಸಿದರು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದರ ಚಕ್ರ ಮುರಿಯಿತು, ಅಷ್ಟು ಭಾರ :)

ಈಗ ದಿನಾ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡುತ್ತೇನೆ. "ತಿಂಡಿ ಆಯ್ತಾ" ಅಂತ ಕೇಳಿದ ಮೇಲೆ ಎರಡನೇ ಪ್ರಶ್ನೆ "ಎಷ್ಟು ಸಾಲು?" ಒಂಬತ್ತು, ಒಂಬತ್ತೇ, ಹತ್ತು... ಹೀಗೆ.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಮೊನ್ನೆ ಪೇಪರಿನಲ್ಲಿ ಚಳ್ಳಕೆರೆ ಮೊಳಕಾಲ್ಮೂರು ಕಡೆ ಮಳೆ ಇಲ್ಲ, ಬಿತ್ತನೆಗೆ ಕಾಯುತ್ತಿದ್ದಾರೆ ಅಂತ ಸುದ್ದಿ ಇತ್ತು. ಓದಿದ ತಕ್ಷಣ ಮನಸ್ಸಿನಲ್ಲಿ ಒಂದು ಸಣ್ಣ ಖುಷಿ ಸುಳಿಯಿತು. ಹಾಗಾದರೆ ಅಪ್ಪ ಬೇಗ ಬರುತ್ತಾರೆ ಅಂತ. ಮರುಗಳಿಗೆ ನನ್ನ ಮೇಲೇ ನನಗೆ ಅಸಹ್ಯವಾಯಿತು. ನೀರು ನೋಡೋಕೆ ಬಸ್ ಹತ್ತಿ ಹೋಗುವ ಸೀಮೆಯಲ್ಲಿ ಹುಟ್ಟಿದವಳು ನಾನು. ಕೆರೆ ಬತ್ತಲಿ ಅಂತ ಬಯಸಿದೆನಲ್ಲ!

ಸಂಜೆ ದೇವರ ದೀಪ ಹಚ್ಚುವಾಗ ಮಳೆ ಬರಲಿ ಅಂತಲೇ ಕೇಳಿಕೊಂಡೆ. ಗಟ್ಟಿಯಾಗಿ, ನನಗೇ ಕೇಳಿಸುವ ಹಾಗೆ.

ಇವತ್ತು ಬೆಳಿಗ್ಗೆ ಅಪ್ಪನ ಫೋನು ಮೊದಲು ಬಂತು. ದನಿಯಲ್ಲೇ ಗೊತ್ತಾಯಿತು.

"ರಾತ್ರಿ ಒಳ್ಳೆ ಮಳೆ ಕಣವ್ವ. ಮಾಳಿಗೆ ಎರಡು ಕಡೆ ಸೋರ್ತು. ಈಗ ಏರಿ ಮೇಲಿಂದಲೇ ಮಾತಾಡ್ತಿದೀನಿ."

"ಎಷ್ಟು ಸಾಲಪ್ಪಾ?"

"ಇರು, ಎಣಿಸ್ತೀನಿ..."